ಪಡೆಯಲು ಯಂತ್ರ, ಮರಳಿಸಲು ಕೌಂಟರ್

ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಪುಸ್ತಕ ಪಡೆಯುವುದಕ್ಕೂ ಮರಳಿಸುವುದಕ್ಕೂ ಹಿಂದೆಲ್ಲ ಒಂದೇ ಕೌಂಟರ್ ಇರುತ್ತಿತ್ತು. ಈಗ ಸ್ವಯಂಸೇವಾ ಯಂತ್ರ ಬಂದಿದೆ, ಬಾಗಿಲ ಹೊರಗೆ ಡ್ರಾಪ್‌ಬಾಕ್ಸ್ ನಿಂತಿದೆ, ಕುಳಿತಲ್ಲೇ ತೆರೆಯುವ ಇ-ಪುಸ್ತಕವೂ ಇದೆ. ಎಲ್ಲವನ್ನೂ ಬಳಸಿ ನೋಡಿದ್ದೇನೆ. ಯಾವುದು ಮೇಲು ಎಂದು ಕೇಳಿದರೆ ಪಡೆಯುವಾಗ ಯಂತ್ರ, ಮರಳಿಸುವಾಗ ಕೌಂಟರ್ ಎನ್ನುತ್ತೇನೆ. ಪಡೆಯುವಾಗ ಏನಾದರೂ ಎಡವಟ್ಟಾದರೆ ಬಾಗಿಲು ದಾಟುವ ಮೊದಲೇ ಗೊತ್ತಾಗುತ್ತದೆ. ಮರಳಿಸುವಾಗಿನ ಎಡವಟ್ಟು ಮಾತ್ರ ತಿಂಗಳುಗಟ್ಟಲೆ ತೆಪ್ಪಗಿದ್ದು, ಬಾಕಿ ಇಲ್ಲವೆಂಬ ಪ್ರಮಾಣಪತ್ರ ಕೇಳಲು ಹೋದ ದಿನವೇ ಎದ್ದು ಕೂರುತ್ತದೆ.

ಮೊದಲು ಯಂತ್ರದ ವಿಚಾರ. ಆರ್‌ಎಫ್‌ಐಡಿ, ಅಂದರೆ ರೇಡಿಯೋ ಅಲೆಯಿಂದ ಪುಸ್ತಕವನ್ನು ಗುರುತಿಸುವ ವ್ಯವಸ್ಥೆ, ಇರುವ ಗ್ರಂಥಾಲಯದಲ್ಲಿ ಪುಸ್ತಕಗಳನ್ನು ಒಂದರ ಮೇಲೊಂದು ಪೇರಿಸಿ ಹಲಗೆಯ ಮೇಲಿಟ್ಟರೆ ಸಾಕು, ಪರದೆಯಲ್ಲಿ ಶೀರ್ಷಿಕೆಗಳು ಸಾಲಾಗಿ ಮೂಡುತ್ತವೆ. ರಟ್ಟಿನ ಒಳಬದಿಗೆ ಅಂಟಿಸಿದ ಚೀಟಿಯಲ್ಲಿ ಬ್ಯಾಟರಿ ಇರುವುದಿಲ್ಲ. ಯಂತ್ರ ಹೊರಡಿಸುವ 13.56 ಮೆಗಾಹರ್ಟ್ಸ್‌ನ ಅಲೆಯಿಂದಲೇ ಅದು ಜೀವ ತುಂಬಿಕೊಂಡು ತನ್ನ ಸಂಖ್ಯೆಯನ್ನು ಹೇಳಿ ಸುಮ್ಮನಾಗುತ್ತದೆ. ಹಳೆಯ ಬಾರ್‌ಕೋಡ್ ಯಂತ್ರದಲ್ಲಿ ಪುಸ್ತಕಗಳನ್ನು ಒಂದೊಂದಾಗಿ ಕೆಂಪು ಗೆರೆಯ ಕೆಳಗೆ ಹಿಡಿಯಬೇಕು, ಬೆನ್ನಿನೊಳಗಿನ ಕಾಂತಪಟ್ಟಿಯನ್ನು ನಿಷ್ಕ್ರಿಯಗೊಳಿಸಲು ಮತ್ತೊಮ್ಮೆ ಉಜ್ಜಬೇಕು. ಎರಡನ್ನೂ ಬಳಸಿದವರಿಗೆ ಸಮಯದ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗೆಂದು ಯಂತ್ರವನ್ನು ಕಣ್ಣು ಮುಚ್ಚಿ ನಂಬುವಂತಿಲ್ಲ. ತೆಳುವಾದ ಕಿರುಹೊತ್ತಗೆಗಳನ್ನು ಪೇರಿಸಿದಾಗ ಚೀಟಿಗಳು ಒಂದರ ಮೇಲೊಂದು ನೇರವಾಗಿ ಕುಳಿತು ಒಂದು ಇನ್ನೊಂದನ್ನು ಮರೆಮಾಡುತ್ತದೆ. ರಕ್ಷಾಪುಟದಲ್ಲಿ ಲೋಹದ ಹಾಳೆಯ ಅಲಂಕಾರವಿದ್ದರೂ ಓದು ತಪ್ಪುತ್ತದೆ. ಕೈಯಲ್ಲಿ ಐದು ಪುಸ್ತಕಗಳಿದ್ದು ಪರದೆಯಲ್ಲಿ ನಾಲ್ಕೇ ಹೆಸರಿದ್ದರೆ ಪೇರಿಸಿದ್ದನ್ನು ಕೊಂಚ ಜರುಗಿಸಿ ಇಟ್ಟರೆ ಆಯಿತು. ಗಮನಿಸದೆ ಹೊರಟರೂ ಬಾಗಿಲ ಗೇಟು ಕೂಗಿ ಕರೆಯುತ್ತದೆ. ನಾಲ್ಕು ಜನ ತಿರುಗಿ ನೋಡುವ ಮುಜುಗರವೊಂದನ್ನು ಬಿಟ್ಟರೆ ನಷ್ಟವೇನೂ ಇಲ್ಲ. ಯಂತ್ರದ ಪರ ನನ್ನ ವಾದ ನಿಂತಿರುವುದು ಈ ಗೇಟಿನ ಮೇಲೆಯೇ.

ಪಡೆಯುವಾಗಲೂ ಕೌಂಟರಿಗೇ ಹೋಗಬೇಕಾದ ಸಂದರ್ಭಗಳಿವೆ. ಹೊಲಿಗೆ ಬಿಟ್ಟ ಪುಸ್ತಕ, ಅಂಚಿನ ತುಂಬ ಯಾರೋ ಪೆನ್ನಿನಲ್ಲಿ ಗೀಚಿದ ಪುಸ್ತಕ, ಹಿಂಬದಿಯ ಲಕೋಟೆಯಲ್ಲಿ ನಕಾಶೆ ಇರಬೇಕಾಗಿದ್ದು ಲಕೋಟೆ ಖಾಲಿಯಿರುವ ಪುಸ್ತಕ: ಇವುಗಳಿಗೆ ಯಂತ್ರದಲ್ಲಿ ಗುಂಡಿ ಇರುವುದಿಲ್ಲ. ಕೌಂಟರಿನಲ್ಲಿ ತೋರಿಸಿದರೆ ಸಿಬ್ಬಂದಿ ದಾಖಲೆಯಲ್ಲಿ ಒಂದು ಸಾಲು ಸೇರಿಸುತ್ತಾರೆ. ಆ ಸಾಲು ಇಲ್ಲದಿದ್ದರೆ ಹಾನಿಯ ಹೊಣೆ ಕೊನೆಯದಾಗಿ ಪಡೆದವರ ತಲೆಗೆ ಬರುತ್ತದೆ. ಇನ್ನೊಂದು ಸಂದರ್ಭ, ಖಾತೆಗೆ ತಡೆ ಬಿದ್ದಿರುವುದು. ಯಂತ್ರ ‘ಸಿಬ್ಬಂದಿಯನ್ನು ಸಂಪರ್ಕಿಸಿ’ ಎಂದಷ್ಟೇ ತೋರಿಸುತ್ತದೆ, ದಂಡ ಬಾಕಿಯೋ, ಕಾರ್ಡಿನ ಅವಧಿ ಮುಗಿದಿದೆಯೋ, ಮಿತಿ ಮೀರಿದೆಯೋ ಹೇಳುವುದಿಲ್ಲ. ಮನುಷ್ಯರಾದರೆ ಕಾರಣ ಹೇಳುತ್ತಾರೆ, ಕೆಲವೊಮ್ಮೆ ಅಲ್ಲೇ ಸರಿಪಡಿಸುತ್ತಾರೆ ಕೂಡ.

ಇನ್ನು ಮರಳಿಸುವ ಮಾತು.

ಡ್ರಾಪ್‌ಬಾಕ್ಸ್‌ನ ಆಕರ್ಷಣೆ ಎಷ್ಟೆಂಬುದು ರಾತ್ರಿ ಗ್ರಂಥಾಲಯ ಮುಚ್ಚಿದ ಮೇಲೆ ಗಡುವಿನ ನೆನಪಾದವರಿಗೆ ಗೊತ್ತು. ಬಾಯಿಗೆ ತುರುಕಿದರೆ ಪುಸ್ತಕ ಒಳಗೆ ಬಿದ್ದ ಸದ್ದು ಕೇಳಿಸುತ್ತದೆ, ಮನಸ್ಸು ಹಗುರಾಗುತ್ತದೆ. ಖಾತೆ ಮಾತ್ರ ಹಗುರಾಗಿರುವುದಿಲ್ಲ. ಸಾಧಾರಣ ಪೆಟ್ಟಿಗೆಯಲ್ಲಿ ಬಿದ್ದ ಪುಸ್ತಕ, ಸಿಬ್ಬಂದಿ ಬೀಗ ತೆಗೆದು ಅದನ್ನು ಗಣಕಕ್ಕೆ ತೋರಿಸುವವರೆಗೆ ನಿಮ್ಮ ಹೆಸರಿನಲ್ಲೇ ಇರುತ್ತದೆ. ನಡುವೆ ರಜೆ ಬಂದರೆ ಅಷ್ಟು ದಿನವೂ ಹಾಗೆಯೇ. ಎಷ್ಟೋ ಕಡೆ ಪೆಟ್ಟಿಗೆಯಲ್ಲಿ ಸಿಕ್ಕ ಪುಸ್ತಕಗಳಿಗೆ ಹಿಂದಿನ ಕೆಲಸದ ದಿನದ ತಾರೀಖನ್ನೇ ಹಾಕುತ್ತಾರೆ, ಆಗ ದಂಡ ಬೀಳುವುದಿಲ್ಲ. ಆ ತಾರೀಖನ್ನು ಯಾರಾದರೂ ನೆನಪಿಟ್ಟು ಬದಲಾಯಿಸಿರಬೇಕು ಎನ್ನುವುದೇ ತೊಡಕು.

ಪುಸ್ತಕಕ್ಕೂ ಅದು ಸುಖದ ಪಯಣವಲ್ಲ. ತೂಕ ಇಳಿದಂತೆ ಮೇಲೇಳುವ ಸ್ಪ್ರಿಂಗ್ ತಳ ಒಳಗಿದ್ದರೆ ಬೀಳುವ ಎತ್ತರ ಕಡಿಮೆ. ಇಲ್ಲದಿದ್ದರೆ ದಪ್ಪ ಸಂಪುಟ ಮೂಲೆ ಕೆಳಗಾಗಿ ಬಿದ್ದು ರಟ್ಟು ಜಜ್ಜಿಹೋಗುತ್ತದೆ, ಅದರ ಮೇಲೆ ಇನ್ನೊಬ್ಬರ ನಿಘಂಟು ಬೀಳುತ್ತದೆ. ಲ್ಯಾಪ್‌ಟಾಪ್, ಹೆಡ್‌ಫೋನ್, ಓದುಕೋಣೆಯ ಬೀಗದಕೈ ಮುಂತಾದವನ್ನು ಎರವಲು ಕೊಡುವ ಗ್ರಂಥಾಲಯಗಳು ಅವನ್ನು ಪೆಟ್ಟಿಗೆಗೆ ಹಾಕಲು ಬಿಡದಿರುವುದು ಇದೇ ಕಾರಣಕ್ಕೆ.

ನಾನು ಪೆಟ್ಟಿಗೆಗೆ ಹಾಕಿದ ಪುಸ್ತಕವೊಂದು ಬಹಳ ದಿನ ನನ್ನ ಖಾತೆಯಲ್ಲೇ ಉಳಿದಿತ್ತು. ಯಾರೋ ಗಣಕಕ್ಕೆ ತೋರಿಸದೆಯೇ ಅದನ್ನು ಗಾಡಿಗೆ ಏರಿಸಿದ್ದರು. ಬೆನ್ನಿನ ಮೇಲಿನ ವರ್ಗೀಕರಣ ಸಂಖ್ಯೆ ಹಿಡಿದು ಕಪಾಟಿಗೆ ಹೋದರೆ ತನ್ನ ಜಾಗದಲ್ಲಿ ಅಚ್ಚುಕಟ್ಟಾಗಿ ಕುಳಿತಿತ್ತು. ಅದನ್ನೇ ಎತ್ತಿಕೊಂಡು ಕೌಂಟರಿಗೆ ಒಯ್ದೆ, ಎರಡು ಮಾತಿನಲ್ಲಿ ಕೆಲಸ ಮುಗಿಯಿತು. ಇಂಥ ತಕರಾರಿಗೆ ಮೊದಲ ಮದ್ದು ಅರ್ಜಿ ಬರೆಯುವುದಲ್ಲ, ಕಪಾಟು ನೋಡುವುದು. ಅಷ್ಟರಲ್ಲಿ ಬೇರೆಯವರು ಅದನ್ನು ಪಡೆದುಬಿಟ್ಟರೆ ದಾಖಲೆ ತಾನಾಗಿ ಸರಿಹೋಗುವ ಸಂಭವವೂ ಇದೆ, ಏಕೆಂದರೆ ನಿಮ್ಮ ಹೆಸರಿನಲ್ಲಿರುವುದನ್ನು ಇನ್ನೊಬ್ಬರಿಗೆ ಕೊಡಹೋದಾಗ ಗಣಕವೇ ಎಚ್ಚರಿಸುತ್ತದೆ. ಇದು ಅಪರೂಪದ ಗೋಳೇನಲ್ಲ. ನ್ಯೂಜಿಲೆಂಡಿನಲ್ಲಿ ಹುಟ್ಟಿ 2000ದಲ್ಲಿ ಬಳಕೆಗೆ ಬಂದ, ಇಂದು ಹಲವು ದೇಶಗಳ ಗ್ರಂಥಾಲಯಗಳಲ್ಲಿರುವ ಕೋಹಾ ತಂತ್ರಾಂಶದಲ್ಲಿ, ‘ಮರಳಿಸಿದ್ದೇನೆ ಎಂದು ಓದುಗರು ಹೇಳುತ್ತಿದ್ದಾರೆ’ ಎಂದು ಗುರುತು ಹಾಕಲು ಪ್ರತ್ಯೇಕ ಸೌಲಭ್ಯವನ್ನೇ ಮಾಡಿಟ್ಟಿದ್ದಾರೆ.

ಕೌಂಟರಿನಲ್ಲಿ ಸಾಲು ನಿಲ್ಲಬೇಕು, ಸೆಮಿಸ್ಟರ್ ಮುಗಿಯುವ ವಾರದಲ್ಲಂತೂ ಸಾಲು ಬಾಗಿಲಿನವರೆಗೆ ಬರುತ್ತದೆ. ಆದರೂ ಪುಸ್ತಕ ನಿಮ್ಮ ಕಣ್ಣೆದುರೇ ದಾಖಲೆಯಿಂದ ಇಳಿಯುತ್ತದೆ. ಬೀಪ್ ಸದ್ದು ಕೇಳಿಸಿತೇ ನೋಡಿ, ರಸೀದಿ ಕೇಳಿ. ಕೇಳದೆ ಕೊಡುವವರು ಕಡಿಮೆ, ಕೇಳಿದರೆ ಇಲ್ಲವೆನ್ನುವವರೂ ಕಡಿಮೆ. ಕಾರ್ಡಿನ ಕಾಲದಲ್ಲಿ ಇದನ್ನು ಕೇಳುವ ಪ್ರಮೇಯವೇ ಇರಲಿಲ್ಲ. 19ನೆಯ ಶತಮಾನದ ಕೊನೆಯಲ್ಲಿ ರೂಪುಗೊಂಡ ಬ್ರೌನ್ ಪದ್ಧತಿಯಲ್ಲಿ ಓದುಗರ ಬಳಿ ಪುಟ್ಟ ಜೇಬಿನಂಥ ಟಿಕೆಟ್ಟುಗಳಿರುತ್ತಿದ್ದವು. ಪುಸ್ತಕ ಪಡೆಯುವಾಗ ಪುಸ್ತಕದ ಕಾರ್ಡನ್ನು ಆ ಜೇಬಿಗೆ ಸೇರಿಸಿ ಗಡುವಿನ ತಾರೀಖಿನ ಹಿಂದೆ ತಟ್ಟೆಯಲ್ಲಿ ನಿಲ್ಲಿಸುತ್ತಿದ್ದರು. ಪುಸ್ತಕ ಮರಳಿಸಿದೊಡನೆ ಟಿಕೆಟ್ಟು ಓದುಗರ ಕೈಗೆ ವಾಪಸು. ಟಿಕೆಟ್ಟು ಕೈಯಲ್ಲಿದ್ದರೆ ಲೆಕ್ಕ ಚುಕ್ತಾ. ನಿಧಾನದ ಪದ್ಧತಿ, ನಿಜ, ಆದರೆ ಮರಳಿಸಿದ್ದಕ್ಕೆ ಪುರಾವೆ ಅದರೊಳಗೇ ಅಡಕವಾಗಿತ್ತು. ಡ್ರಾಪ್‌ಬಾಕ್ಸ್ ಕಿತ್ತುಕೊಂಡದ್ದು ಅದನ್ನೇ.

ಚೀಟಿ ಓದಿ ಆಗಿಂದಾಗಲೇ ರಸೀದಿ ಕೊಡುವ ಪೆಟ್ಟಿಗೆಗಳೂ ಬಂದಿವೆ. ಬಾಯಿ ತೆರೆಯುವುದೇ ಪುಸ್ತಕವನ್ನು ಗುರುತಿಸಿದ ಮೇಲೆ, ಒಳಗಿನ ಬೆಲ್ಟು ಅದನ್ನು ವಿಭಾಗವಾರು ಬುಟ್ಟಿಗಳಿಗೆ ಹಂಚುತ್ತದೆ. ಅದು ಇರುವ ಕಡೆ ಕೌಂಟರಿನ ಪರ ನನ್ನ ವಾದ ಅರ್ಧ ಬಿದ್ದುಹೋಗುತ್ತದೆ. ಉಳಿದರ್ಧ ದಪ್ಪ ಸಂಪುಟಗಳ ಬೆನ್ನಿನ ಕುರಿತದ್ದು.

ನವೀಕರಣಕ್ಕೆ ಪುಸ್ತಕವನ್ನು ಹೊತ್ತು ಕೌಂಟರಿಗೆ ಹೋಗುವ ಅಗತ್ಯವನ್ನು ನಾನು ಕಂಡಿಲ್ಲ, ಇಲ್ಲಿ ಅಂತರ್ಜಾಲದ ಖಾತೆಯೇ ಗೆಲ್ಲುತ್ತದೆ. ಒಂದು ಸೂಕ್ಷ್ಮ ಮಾತ್ರ ಇದೆ: ಹೊಸ ಗಡುವನ್ನು ಕೆಲವು ಗ್ರಂಥಾಲಯಗಳು ಹಳೆಯ ಗಡುವಿನಿಂದ ಎಣಿಸುತ್ತವೆ, ಕೆಲವು ನೀವು ಗುಂಡಿ ಒತ್ತಿದ ದಿನದಿಂದ. ಎರಡನೆಯ ಬಗೆಯಲ್ಲಿ ಮುಂಜಾಗ್ರತೆಯೆಂದು ವಾರ ಮೊದಲೇ ನವೀಕರಿಸಿದರೆ ಆ ವಾರವನ್ನು ಕೈಯಾರೆ ಕಳೆದುಕೊಂಡಂತೆ. ಒಮ್ಮೆ ಹಳೆಯ, ಹೊಸ ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನಿಮ್ಮಲ್ಲಿ ಯಾವ ಬಗೆ ಎಂದು ತಿಳಿಯುತ್ತದೆ. ಇನ್ನೊಬ್ಬರು ಆ ಪುಸ್ತಕವನ್ನು ಕಾಯ್ದಿರಿಸಿದ್ದರೆ ಸಾಮಾನ್ಯವಾಗಿ ನವೀಕರಣವೇ ಆಗುವುದಿಲ್ಲ, ಗಡುವಿನ ದಿನದವರೆಗೆ ಕಾದವರಿಗೆ ಅದು ಕೊನೆಯ ಗಳಿಗೆಯಲ್ಲಿ ತಿಳಿಯುತ್ತದೆ.

ಇ-ಪುಸ್ತಕದಲ್ಲಿ ಲೆಕ್ಕ ತಿರುವುಮುರುವು. ಮರಳಿಸುವ ತಲೆನೋವಿಲ್ಲ, ಅವಧಿ ಮುಗಿದೊಡನೆ ಕಡತ ತಾನೇ ಮುಚ್ಚಿಕೊಳ್ಳುತ್ತದೆ, ದಂಡದ ಮಾತೇ ಇಲ್ಲ. ಸಿಗುವುದೇ ಕಷ್ಟ. ಪ್ರಕಾಶಕರಿಂದ ಗ್ರಂಥಾಲಯ ಕೊಂಡಿರುವುದು ಏಕಕಾಲಕ್ಕೆ ಒಬ್ಬರು ಅಥವಾ ಮೂವರು ಓದಬಹುದಾದ ಪರವಾನಗಿಯಾದರೆ, ಪರೀಕ್ಷೆಯ ಹಿಂದಿನ ದಿನ ಪಠ್ಯಪುಸ್ತಕ ತೆರೆಯಹೋದವರಿಗೆ ‘ಬೇರೆಯವರು ಬಳಸುತ್ತಿದ್ದಾರೆ’ ಎಂಬ ಉತ್ತರ ಕಾದಿರುತ್ತದೆ. ಮುದ್ರಿಸಿಕೊಳ್ಳಲು, ಇಳಿಸಿಕೊಳ್ಳಲು ಪುಟಗಳ ಮಿತಿಯೂ ಇರುತ್ತದೆ. ಒಂದು ಅಧ್ಯಾಯ ನೋಡಲು, ಒಂದು ಪದ ಎಲ್ಲೆಲ್ಲಿ ಬಂದಿದೆ ಎಂದು ಹುಡುಕಲು ನಾನು ಇದನ್ನೇ ಆರಿಸುತ್ತೇನೆ. ಆದಿಯಿಂದ ಅಂತ್ಯದವರೆಗೆ ಓದಲು ಕಾಗದದ ಪ್ರತಿ ಸಿಗುವಂತಿದ್ದರೆ ಇದರತ್ತ ಹಾಯುವುದಿಲ್ಲ.

ಕೊನೆಯದು ಅಂತರ ಗ್ರಂಥಾಲಯ ಎರವಲು. ನಿಮ್ಮಲ್ಲಿಲ್ಲದ ಪುಸ್ತಕವನ್ನು ಬೇರೊಂದು ಗ್ರಂಥಾಲಯದಿಂದ ತರಿಸಿಕೊಡುವ ಏರ್ಪಾಡು ಇದು, ಹೊಸ ಆಯ್ಕೆಗಳಾವುವೂ ಇದರ ಜಾಗ ತುಂಬಿಲ್ಲ. ಬರುವುದು ತಡ, ಇಟ್ಟುಕೊಳ್ಳುವ ಅವಧಿ ಕಡಿಮೆ. ಗಡುವನ್ನು ನಿರ್ಧರಿಸುವುದು ಕೊಟ್ಟ ಗ್ರಂಥಾಲಯವಾದ್ದರಿಂದ ನಿಮ್ಮ ಖಾತೆಯಲ್ಲಿ ನವೀಕರಣದ ಗುಂಡಿ ಕೆಲಸ ಮಾಡದಿರಬಹುದು. ಗಡುವಿಗೆ ಮೊದಲೇ ಸಿಬ್ಬಂದಿಗೆ ಹೇಳಿದರೆ ಅವರು ಅಲ್ಲಿಗೆ ಬರೆದು ಕೇಳುತ್ತಾರೆ. ರಕ್ಷಾಪುಟಕ್ಕೆ ಸುತ್ತಿದ ಕಾಗದದ ಪಟ್ಟಿಯನ್ನು ಕೀಳಬೇಡಿ, ಯಾರ ಪುಸ್ತಕ, ಎಂದಿಗೆ ಹೊರಡಬೇಕು ಎಂಬುದೆಲ್ಲ ಅದರ ಮೇಲಿರುತ್ತದೆ. ಡ್ರಾಪ್‌ಬಾಕ್ಸ್‌ಗಂತೂ ಹಾಕಲೇಬೇಡಿ, ಪಟ್ಟಿ ಕಳಚಿಕೊಂಡರೆ ಅದು ನಿಮ್ಮ ಗ್ರಂಥಾಲಯದ ಯಾವ ಕಪಾಟಿಗೂ ಸೇರದ ಪುಸ್ತಕವಾಗಿಬಿಡುತ್ತದೆ. ತರಿಸಿಕೊಟ್ಟವರ ಕೈಗೇ ಒಪ್ಪಿಸಿ.