ಸರಕಾರಿ ವಕೀಲರೇ ಸಾಕಾ, ನಮ್ಮದೂ ಒಬ್ಬರು ಬೇಕಾ?

ಅತ್ಯಾಚಾರದ ಕೇಸಿನಲ್ಲಿ ಸಂತ್ರಸ್ತೆಯಾಗಿ ಸಾಕ್ಷಿ ಹೇಳಲು ಮಂಜೇಶ್ವರದ ಕಡೆಯಿಂದ ಕಾಸರಗೋಡಿನ ವಿದ್ಯಾನಗರ ಕೋರ್ಟಿಗೆ ಹೋಗಬೇಕು ಅಂತಿಟ್ಟುಕೊಳ್ಳಿ. ಮೊದಲ ಭಯ ಇದೇ: ಹಿಂದಿನದ್ದೆಲ್ಲ ಕೆದಕುತ್ತಾರಾ?

ಸರಕಾರಿ ವಕೀಲರೊಬ್ಬರೇ ಇರಲಿ, ನಮ್ಮದೂ ಒಬ್ಬರಿರಲಿ, ಕಾನೂನಿನ ಮಟ್ಟಿಗೆ ಎರಡೂ ದಾರಿ ಒಂದೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 48ನೇ ಕಲಂ ಪ್ರಕಾರ, ಒಪ್ಪಿಗೆ ಇತ್ತೋ ಇಲ್ಲವೋ ಎಂಬ ಪ್ರಶ್ನೆಗೆ ಸಂತ್ರಸ್ತೆಯ ನಡತೆ, ಹಿಂದಿನ ಲೈಂಗಿಕ ಅನುಭವ ಲೆಕ್ಕಕ್ಕಿಲ್ಲ. ಯಾರ ಜೊತೆಗಿನದ್ದೇ ಆಗಲಿ. ಅಂದರೆ ಆರೋಪಿಯ ಜೊತೆಗಿನದ್ದೂ. ಪಾಟೀಸವಾಲಿನಲ್ಲೂ, ಅಂದರೆ ಎದುರು ವಕೀಲರು ಪ್ರಶ್ನಿಸುವಾಗಲೂ, ಅದನ್ನು ಕೇಳುವಂತಿಲ್ಲ ಎನ್ನುತ್ತದೆ 149ನೇ ಕಲಂ. ಆದರೆ ಅಂಥ ಪ್ರಶ್ನೆ ಬಂದ ಕ್ಷಣ ಯಾರಾದರೂ ಎದ್ದು ತಡೆಯಬೇಕು, ಅಲ್ವಾ? ವ್ಯತ್ಯಾಸ ಇರುವುದು ಅಲ್ಲಿ.

ಸರಕಾರಿ ವಕೀಲರಿಗೆ, ಅಂದರೆ ಪಬ್ಲಿಕ್ ಪ್ರಾಸಿಕ್ಯೂಟರ್‌ಗೆ, ಫೀಸು ಕೊಡಬೇಕಿಲ್ಲ. ಆಕ್ಷೇಪ ಎತ್ತುವುದು ಅವರ ಕೆಲಸವೇ. ಆದರೆ ಅವರು ಸರಕಾರದ ಪರ, ನಿಮ್ಮ ಸ್ವಂತ ವಕೀಲರಲ್ಲ.

ನಿಮ್ಮದೇ ವಕೀಲರನ್ನು ಇಟ್ಟುಕೊಳ್ಳಲು ಕೋರ್ಟಿನ ಅನುಮತಿ ಬೇಕು. ಅವರು ಪ್ರಾಸಿಕ್ಯೂಟರ್ ಹೇಳಿದಂತೆ ನಡೆಯಬೇಕು. ತಾವೇ ಸಾಕ್ಷಿಗಳನ್ನು ಪ್ರಶ್ನಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ಹಾಗಾದರೆ ಸುಮ್ನೆ ದುಡ್ಡು ದಂಡವಾ? ನನಗೆ ಹಾಗನ್ನಿಸುವುದಿಲ್ಲ. ಕನ್ನಡ ಬಲ್ಲವರಾದರೆ ಮಲಯಾಳದಲ್ಲಿರುವ ಕೋರ್ಟಿನ ಕಾಗದ ಓದಿ ಅರ್ಥ ಹೇಳಬಹುದು. ಯಾವ ಪ್ರಶ್ನೆಗೆ ತಡೆ ಇದೆ ಎಂದು ಮೊದಲೇ ತಿಳಿಸಬಹುದು. ಪಾಟೀಸವಾಲು ದಾರಿ ತಪ್ಪಿದರೆ ಪ್ರಾಸಿಕ್ಯೂಟರ್ ಕಿವಿಗೆ ಅಲ್ಲೇ ವಿಷಯ ಹಾಕಬಹುದು.

ಫೀಸಿನ ಚಿಂತೆಯೂ ಜಾಸ್ತಿ ಬೇಡ. ಆದಾಯ ಎಷ್ಟೇ ಇರಲಿ, ಹೆಂಗಸರು ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಕೇಳಬಹುದು. ನಾನಾದರೆ ಮೊದಲು ಅಲ್ಲಿಗೇ ಹೋಗಿ, ಕನ್ನಡ ಬರುವ ವಕೀಲರೇ ಬೇಕು ಎಂದು ಅರ್ಜಿಯಲ್ಲೇ ಬರೆಯುತ್ತೇನೆ.