ಫಾಸ್ಫಾರಿಕ್ ಆಮ್ಲದ ಶುದ್ಧೀಕರಣ: ಎಂಐಬಿಕೆಯೋ, ಟಿಬಿಪಿಯೋ?

ರಾಕ್ ಫಾಸ್ಫೇಟನ್ನು ಗಂಧಕಾಮ್ಲದೊಡನೆ ವರ್ತಿಸಿ ಪಡೆದ ಕಚ್ಚಾ ಫಾಸ್ಫಾರಿಕ್ ಆಮ್ಲದಿಂದ ಕಬ್ಬಿಣ, ಅಲ್ಯೂಮಿನಿಯಂ, ಮೆಗ್ನೀಸಿಯಂಗಳನ್ನು ಹಿಂದೆ ಬಿಟ್ಟು ಆಮ್ಲವನ್ನಷ್ಟೇ ಸೆಳೆದುಕೊಳ್ಳುವ ಕೆಲಸವನ್ನು ಮೀಥೈಲ್ ಐಸೊಬ್ಯುಟೈಲ್ ಕೀಟೋನ್ (ಎಂಐಬಿಕೆ), ಟ್ರೈಬ್ಯುಟೈಲ್ ಫಾಸ್ಫೇಟ್ (ಟಿಬಿಪಿ) ಎಂಬ ದ್ರಾವಕಗಳೆರಡೂ ಮಾಡುತ್ತವೆ. ಎಂಐಬಿಕೆ ತೆಳುವಾದ, ಹಗುರವಾದ ದ್ರವವಾದ್ದರಿಂದ ದ್ರಾವಕದ ಮತ್ತು ನೀರಿನಂಶದ ಪದರಗಳು ಬೇಗ ಬೇರ್ಪಡುತ್ತವೆ. ಆದರೆ ಅದು ನೀರಿನಲ್ಲಿ ಸುಮಾರು 2% ಕರಗುತ್ತದೆ, ಹೀಗೆ ಕರಗಿಹೋದುದನ್ನು ಹಬೆ ಹಾಯಿಸಿ ಮರಳಿ ಪಡೆಯಬೇಕು. ಅದರ ಜ್ವಲನಬಿಂದು (ಕಿಡಿ ತಗುಲಿದರೆ ಆವಿ ಹೊತ್ತಿಕೊಳ್ಳುವ ಕನಿಷ್ಠ ಉಷ್ಣತೆ) ಕೇವಲ 14 ಡಿಗ್ರಿ ಸೆಲ್ಸಿಯಸ್ ಆಗಿರುವುದರಿಂದ ಸಾಮಾನ್ಯ ಮೋಟಾರಿನ ಒಂದು ಕಿಡಿಯೂ ಅಪಾಯಕಾರಿ.

ಟಿಬಿಪಿಗೆ ಈ ಭಯ ಕಡಿಮೆ, ನೀರಿನಲ್ಲಿ ಕರಗಿ ನಷ್ಟವಾಗುವುದೂ ಅತ್ಯಲ್ಪ. ಆದರೆ ಅದರ ಸಾಂದ್ರತೆ ನೀರಿನದಕ್ಕೆ ತೀರ ಹತ್ತಿರವಿರುವುದರಿಂದ, ಸೆಳೆದ ಆಮ್ಲವನ್ನು ದ್ರಾವಕದಿಂದ ನೀರಿಗೆ ಮರಳಿಸುವ ಹಂತದಲ್ಲಿ ಪದರಗಳು ತಡವಾಗಿ ಬೇರೆಯಾಗುತ್ತವೆ. ಸೀಮೆಎಣ್ಣೆ ಬೆರೆಸುವುದು ಅದಕ್ಕಾಗಿಯೇ, ಅದಕ್ಕೆ ತೆರುವ ಬೆಲೆಯೆಂದರೆ ಸೆಳೆಯುವ ಶಕ್ತಿ ತಗ್ಗುವುದು. ಅಗ್ನಿಸುರಕ್ಷೆಯ ವ್ಯವಸ್ಥೆಯೂ ಹಬೆಯೂ ಮೊದಲೇ ಇರುವ ಘಟಕಕ್ಕೆ ನಾನು ಎಂಐಬಿಕೆಯನ್ನೇ ಸೂಚಿಸುತ್ತೇನೆ.