ರಂಗನತಿಟ್ಟಿನ ದೋಣಿ: ಗೂಡು ಇಲ್ಲಿ, ಊಟ ಗದ್ದೆಯಲ್ಲಿ

ಶ್ರೀರಂಗಪಟ್ಟಣದ ಪಕ್ಕದ ರಂಗನತಿಟ್ಟು ಪಕ್ಷಿಧಾಮದಲ್ಲಿ ಸಾಮಾನ್ಯ ದೋಣಿಯ ಒಂದು ಸುತ್ತು ಕಾಲು ಗಂಟೆಯ ಆಸುಪಾಸು. ಮೋಟಾರಿಲ್ಲ, ಹುಟ್ಟು ಹಾಕಿಯೇ ಹೋಗೋದು. ಇದರ ದೊಡ್ಡ ಗುಣ ಅದೇ. ಸದ್ದಿಲ್ಲದ ಕಾರಣ ಬಂಡೆ ಮೇಲಿನ ಮೊಸಳೆ ಕದಲೋದಿಲ್ಲ. ಅದು ಬಾಯಿ ತೆರೆದು ಮಲಗಿದ್ದರೆ ಸಿಟ್ಟಲ್ಲ, ಮೈಯ ಬಿಸಿ ಕಳೆದುಕೊಳ್ಳುತ್ತಿರುತ್ತೆ. ಗೂಡಿರುವ ಮರದ ಬುಡದಲ್ಲೇ ಅದು ಠಿಕಾಣಿ ಹೂಡೋದಕ್ಕೂ ಕಾರಣವಿದೆ: ಜಾರಿ ಬಿದ್ದ ಮರಿ ಅದರ ಪಾಲು.

1940ರಲ್ಲಿ ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಿಂದ ಪಕ್ಷಿಧಾಮವಾದ ಜಾಗ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್‌ಸಾರ್ ಪಟ್ಟಿಗೂ ಸೇರಿತು. ಹೊಳೆಯ ನಡುವಿನ ಈ ತಿಟ್ಟುಗಳಾಗಿದ್ದು ಹಳೇ ಕಟ್ಟೆ ಕಾವೇರಿಯನ್ನು ತಡೆದದ್ದರಿಂದ. ಸುತ್ತ ನೀರಿರೋದರಿಂದ ಗೂಡಿಗೆ ಬೆಕ್ಕು, ನಾಯಿಯ ಕಾಟ ಕಡಿಮೆ.

ನೋಡಲೇಬೇಕಾದ್ದು ಬಾಯ್ಕಳಕ ಕೊಕ್ಕರೆ. ಕೊಕ್ಕು ಮುಚ್ಚಿದರೂ ನಡುವೆ ಸಂದಿ ಉಳಿಯುತ್ತೆ. ಅಡಿಕೆಕತ್ತರಿ ಹಾಗೆ ಆ ಸಂದಿಯಲ್ಲಿಟ್ಟು ಬಸವನಹುಳುವಿನ ಚಿಪ್ಪು ಒಡೆಯುತ್ತೆ ಅಂತ ಹೇಳೋರಿದ್ದಾರೆ, ಅದು ತಪ್ಪು. ಹುಳುವನ್ನು ಮೇಲ್ಕೊಕ್ಕಿನಿಂದ ನೆಲಕ್ಕೆ ಅದುಮಿ ಹಿಡಿದು, ಕೆಳಕೊಕ್ಕಿನ ಚೂಪು ತುದಿಯನ್ನು ಚಿಪ್ಪಿನ ಮುಚ್ಚಳದೊಳಗೆ ತೂರಿಸುತ್ತೆ. ಮಾಂಸವನ್ನು ಚಿಪ್ಪಿಗೆ ಕಟ್ಟಿಹಾಕಿರುವ ಸ್ನಾಯು ಕಡಿದರೆ ಸಾಕು, ಮಾಂಸ ಇಡಿಯಾಗಿ ಹೊರಬರುತ್ತೆ. ಚಿಪ್ಪು ಸಾಮಾನ್ಯವಾಗಿ ಒಡೆಯೋದೇ ಇಲ್ಲ. ಗೂಡಿನಲ್ಲಿರುವ ಮರಿಯ ಕೊಕ್ಕನ್ನು ದೋಣಿಯಿಂದಲೇ ಗಮನಿಸಿ, ಸಂದಿ ಇರೋದಿಲ್ಲ. ಅದು ಬೆಳೀತಾ ಬರೋದು.

ಆದರೆ ಈ ಊಟ ದೋಣಿಯಿಂದ ಕಾಣೋದು ಅಪರೂಪ, ಕೊರತೆ ಇರೋದು ಇಲ್ಲೇ. ಬಣ್ಣದ ಕೊಕ್ಕರೆಯೂ ಅಷ್ಟೇ. ಅದು ಕಣ್ಣಿಗಿಂತ ಸ್ಪರ್ಶ ನಂಬಿ ಬೇಟೆಯಾಡುತ್ತೆ: ಅರೆತೆರೆದ ಕೊಕ್ಕನ್ನು ನೀರಿಗಿಳಿಸಿ, ಕಾಲಿನಿಂದ ಕೆಸರು ಕದಡಿ, ಮೀನು ತಾಗಿದ ಕ್ಷಣ ಕಚಕ್ಕಂತ ಮುಚ್ಚುತ್ತೆ. ಆಳದ ಹೊಳೆಯಲ್ಲಿ ಇದು ನಡೆಯದು, ಮೊಣಕಾಲುದ್ದದ ನೀರು ಬೇಕು. ಹಾಗಾಗಿ ದೋಣಿ ಇಳಿದ ಮೇಲೆ ಸೀದಾ ಮೈಸೂರಿಗೆ ತಿರುಗಬೇಡಿ. ನಾಲೆ ಬಯಲಿನಲ್ಲಿ ನಾಟಿಗೆ ಕೆಸರು ಮಾಡಿದ ಗದ್ದೆ, ನೀರಿಳಿದ ಕೆರೆಯಂಚು ಹುಡುಕಿ. ಬದುವಿನ ಮೇಲೆ ಖಾಲಿ ಚಿಪ್ಪು ಬಿದ್ದಿದ್ದರೆ ಅಲ್ಲೇ ಕಾಯಬಹುದು. ಗದ್ದೆಗಿಳಿದು ಪೈರು ತುಳಿದೀರಿ ಜೋಕೆ!

ದುರ್ಬೀನು 8x42 (ಎಂಟು ಪಟ್ಟು ಹಿಗ್ಗಿಸುವಂಥದ್ದು) ಸಾಕು, 10ಕ್ಕಿಂತ ಹೆಚ್ಚಿನದಾದರೆ ಅಲುಗುವ ದೋಣಿಯಲ್ಲಿ ಚಿತ್ರ ನಿಲ್ಲೋದಿಲ್ಲ. ಕ್ಯಾಮೆರಾದವರು ಹಂಚಿಕೆಯ ದೋಣಿ ಬಿಟ್ಟು ಪ್ರತ್ಯೇಕ ದೋಣಿ ಹಿಡಿಯೋದೇ ವಾಸಿ, ಇಲ್ಲವಾದರೆ ಫೋಕಸ್ ಕೂರುವಷ್ಟರಲ್ಲಿ ಮರ ಹಿಂದೆ ಸರಿದಿರುತ್ತೆ. ಮಧ್ಯಾಹ್ನ ಹೋಗುವುದಾದರೆ ಬಾವಲಿಗಳನ್ನು ನೋಡಿ: ಸೆಕೆಗೆ ರೆಕ್ಕೆ ಬೀಸಿಕೊಳ್ಳುತ್ತಾ, ಮೈಗೆ ಎಂಜಲು ಸವರಿಕೊಳ್ಳುತ್ತಾ ತಲೆಕೆಳಗಾಗಿ ನೇತಾಡುತ್ತಿರುತ್ತವೆ. ಉಳಿದದ್ದಕ್ಕೆಲ್ಲ ಬೆಳಗಿನ ದೋಣಿಯೇ ಸರಿ.

ಗೂಡು, ಮರಿಗಳ ಗದ್ದಲಕ್ಕೆ ಜನವರಿಯಿಂದ ಮೇ ಒಳ್ಳೇ ಕಾಲ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ನಿಲ್ಲಿಸ್ತಾರೆ, ಹೊರಡುವ ಮುಂಚೆ ಹೊರಹರಿವು ಎಷ್ಟಿದೆ ಅಂತ ವಿಚಾರಿಸಿಕೊಳ್ಳಿ.